ಹಾಡು ಬರೆಯದ ಗಾಯಕಿಯ ಕೊಡುಗೆ ಏನು? ರಾಬರ್ಟಾ ಫ್ಲ್ಯಾಕ್ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾವು ಕೆಲವು ಗೆಳೆಯರು ತಿಂಗಳಿಗೊಮ್ಮೆ ಸೇರಿ ಹಳೆಯ ಇಂಗ್ಲಿಷ್ ಹಾಡುಗಳನ್ನು ಕೇಳುತ್ತೇವೆ. ಮುಂದಿನ ಸಲ ಅಮೆರಿಕದ ಗಾಯಕಿ ರಾಬರ್ಟಾ ಫ್ಲ್ಯಾಕ್ ನೆನಪಿಗೆ ಒಂದು ಸಂಜೆ ಇಟ್ಟುಕೊಳ್ಳೋಣ ಅಂದುಕೊಂಡಿದ್ದೇವೆ. ಆದರೆ ನಮ್ಮಲ್ಲೇ ವಾದ ಶುರುವಾಗಿದೆ. ‘ಅವರ ಹೆಸರುವಾಸಿ ಹಾಡುಗಳನ್ನೆಲ್ಲ ಬರೆದವರು ಬೇರೆಯವರು, ಹಾಡಿದ್ದು ಬಿಟ್ಟರೆ ಅವರ ಕೊಡುಗೆ ಏನು?’ ಅಂತ ಒಬ್ಬರು ಕೇಳುತ್ತಾರೆ. ‘ಅವರು ಪಾಪ್ ಗಾಯಕಿ, ಜಾಝ್‌ಗೂ ಅವರಿಗೂ ಏನು ಸಂಬಂಧ?’ ಅಂತ ಇನ್ನೊಬ್ಬರು. ನೀವೇನು ಹೇಳುತ್ತೀರಿ? ಅವತ್ತು ಯಾವ ಹಾಡುಗಳನ್ನು ಕೇಳಿಸಬೇಕು?

ಉತ್ತರ: ನಿಮ್ಮ ಇಬ್ಬರು ಗೆಳೆಯರನ್ನೂ ಪಕ್ಕಪಕ್ಕ ಕೂರಿಸಿ. ಒಬ್ಬರ ಮಾತಿಗೆ ಇನ್ನೊಬ್ಬರ ಮಾತಿನಲ್ಲೇ ಉತ್ತರ ಇದೆ. ಇನ್ನೊಬ್ಬರು ಕಟ್ಟಿದ ಹಾಡನ್ನು ಕೈಗೆತ್ತಿಕೊಂಡು, ಅದರ ನಡೆ ಬದಲಿಸಿ, ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಿಸಿ, ತನ್ನದಾಗಿ ಮಾಡಿಕೊಳ್ಳುವುದೇ ಜಾಝ್ ಕಲಾವಿದರ ದಿನನಿತ್ಯದ ಕಸುಬು. ರಾಬರ್ಟಾ ಫ್ಲ್ಯಾಕ್ ಜೀವನಪೂರ್ತಿ ಮಾಡಿದ್ದೂ ಇದನ್ನೇ. ಬೇರೆಯವರ ಹಾಡು ಹಾಡಿದರು ಅನ್ನುವುದನ್ನು ಅವರ ಕೊರತೆ ಅಂತ ಲೆಕ್ಕ ಹಾಕಬೇಡಿ. ಅವರು ಜಾಝ್ ಮನೆಯವರು ಅನ್ನುವುದಕ್ಕೆ ಅದೇ ಗುರುತು.

ಇದು ನನ್ನ ಅಭಿಪ್ರಾಯ ಮಾತ್ರ ಅಂತ ನಿಮ್ಮ ಗೆಳೆಯರು ಹೇಳಬಹುದು. ಹಾಗಾದರೆ ಗ್ರ್ಯಾಮಿ ಪ್ರಶಸ್ತಿಯ ಪಟ್ಟಿ ನೋಡಿ. ಅಲ್ಲಿ ‘ಸಾಂಗ್ ಆಫ್ ದಿ ಇಯರ್’ ಹಾಡು ಕಟ್ಟಿದವರಿಗೆ ಹೋಗುತ್ತದೆ. ‘ರೆಕಾರ್ಡ್ ಆಫ್ ದಿ ಇಯರ್’ ಅದನ್ನು ಹಾಡಿ ರೆಕಾರ್ಡ್ ಮಾಡಿದವರಿಗೆ. 1973ರಲ್ಲಿ ಎರಡೂ ಒಂದೇ ಹಾಡಿಗೆ ಬಂದವು: ‘ದಿ ಫಸ್ಟ್ ಟೈಮ್ ಎವರ್ ಐ ಸಾ ಯುವರ್ ಫೇಸ್’. ಬರೆದವರು ಬ್ರಿಟನ್ನಿನ ಜಾನಪದ ಗಾಯಕ ಇವಾನ್ ಮ್ಯಾಕಾಲ್. ಬರೆದದ್ದು ಯಾವಾಗ ಗೊತ್ತಾ? 1957ರಲ್ಲಿ. ತಾನು ಪ್ರೀತಿಸುತ್ತಿದ್ದ, ಮುಂದೆ ಮದುವೆಯೂ ಆದ ಪೆಗಿ ಸೀಗರ್ ಹಾಡಲಿ ಅಂತ ಬರೆದ ಪುಟ್ಟ ಹಾಡು ಅದು. ನಡುವೆ ಕಿಂಗ್‌ಸ್ಟನ್ ಟ್ರಿಯೋ ಹಾಡಿತ್ತು, ಪೀಟರ್, ಪಾಲ್ ಅಂಡ್ ಮೇರಿ ತಂಡವೂ ಹಾಡಿತ್ತು. ಆಗೆಲ್ಲ ಅದು ಹತ್ತರಲ್ಲಿ ಹನ್ನೊಂದನೆಯ ಹಾಡಾಗಿಯೇ ಉಳಿಯಿತು. ಹುಟ್ಟಿ ಹದಿನೈದು ವರ್ಷ ಕಳೆದ ಹಾಡಿಗೆ ‘ವರ್ಷದ ಹಾಡು’ ಅನ್ನುವ ಪಟ್ಟ ಸಿಕ್ಕಿದ್ದು ಫ್ಲ್ಯಾಕ್ ಅದನ್ನು ಮುಟ್ಟಿದ ಮೇಲೆ.

ಹಾಗಾದರೆ ಅವರು ಆ ಹಾಡಿಗೆ ಏನು ಮಾಡಿದರು? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಎಲ್ಲ ಇರುವುದು ಇಲ್ಲೇ.

ಮೊದಲಿನ ಜಾನಪದ ಗಾಯಕರೆಲ್ಲ ಅದನ್ನು ಒಂದೇ ಓಟದಲ್ಲಿ ಮುಗಿಸುತ್ತಿದ್ದರು. ಗಿಟಾರ್ ತಂತಿಗಳು ಚಕಚಕ ಓಡುತ್ತವೆ, ಅದರ ಮೇಲೆ ಹಾಡು ತೇಲಿಹೋಗುತ್ತದೆ. ಫ್ಲ್ಯಾಕ್ ರೆಕಾರ್ಡಿಂಗ್ 5 ನಿಮಿಷ 22 ಸೆಕೆಂಡ್ ಇದೆ. ಪದಗಳು ಅವೇ, ಮೂರು ಚರಣಗಳೂ ಅವೇ. ಜಾಸ್ತಿ ಆಗಿದ್ದು ಸಾಲುಗಳ ನಡುವಿನ ಜಾಗ. ಶುರುವಿನಲ್ಲಿ ಗಿಟಾರ್ ಮತ್ತು ಬೇಸ್ (ತಗ್ಗು ಸ್ವರಗಳ ತಂತಿವಾದ್ಯ) ಎರಡೇ, ಅದೂ ಮೆಲ್ಲಗೆ. ಆಮೇಲೆ ದನಿ ಬರುತ್ತದೆ. ‘ಫಸ್ಟ್’ ಅನ್ನುವ ಒಂದು ಪದದ ಮೇಲೆ ಅವರು ನಿಂತೇಬಿಡುತ್ತಾರೆ. ನಡುಕ ಇಲ್ಲ, ಗಮಕದ ಆಟ ಇಲ್ಲ. ನೆಟ್ಟಗೆ ಒಂದು ಸ್ವರ. ಮುಂದಿನ ಪದ ಬರುವ ಹೊತ್ತಿಗೆ ನಾವು ಕೇಳುವವರು ಉಸಿರು ಹಿಡಿದಿರುತ್ತೇವೆ. ಸಾಲು ಮುಗಿದ ಮೇಲೆ ಪಿಯಾನೊ ನಾಲ್ಕೇ ನಾಲ್ಕು ಸ್ವರ ಇಟ್ಟು ಸುಮ್ಮನಾಗುತ್ತದೆ. ಡ್ರಮ್ಸ್ ಇದೆಯೋ ಇಲ್ಲವೋ ಅನ್ನುವಷ್ಟು ಮೆತ್ತಗೆ.

ಮೂರನೇ ಚರಣದಲ್ಲಿ ದನಿ ಮೊದಲ ಸಲ ಏರುತ್ತದೆ. ಅಲ್ಲಿಯವರೆಗೆ ಅವರು ತಡೆದಿಟ್ಟದ್ದೆಲ್ಲ ಆ ಒಂದು ಸಾಲಿನಲ್ಲಿ ಹೊರಗೆ ಬರುತ್ತದೆ. ಕೂಡಲೇ ಮತ್ತೆ ಇಳಿಯುತ್ತದೆ. ಸಾಧಾರಣವಾಗಿ ಗಾಯಕರು ಏರಿದ ಮೇಲೆ ಮೇಲೆಯೇ ಇರಲು ನೋಡುತ್ತಾರೆ, ಚಪ್ಪಾಳೆ ಬೀಳುವುದು ಅಲ್ಲೇ ಅಲ್ವಾ. ಇವರು ಇಳಿದು ಬಂದು ಕೊನೆಯ ಪದಗಳನ್ನು ಹತ್ತಿರ ಕೂತವರಿಗೆ ಮಾತ್ರ ಕೇಳುವಂತೆ ಹೇಳುತ್ತಾರೆ. ಇಷ್ಟು ನಿಧಾನದ ನಡೆಯಲ್ಲಿ ಲಯ ತಪ್ಪದೆ, ಶ್ರುತಿ ಕೆಡದೆ, ಕೇಳುಗರ ಗಮನ ಜಾರದೆ ಹಾಡುವುದು ಎಷ್ಟು ಕಷ್ಟ ಅನ್ನುವುದು ವಿಲಂಬಿತದಲ್ಲಿ ಖಯಾಲ್ ಹಾಡಲು ಪ್ರಯತ್ನಿಸಿದ ಯಾರಿಗಾದರೂ ಗೊತ್ತಿರುತ್ತದೆ.

ರೆಕಾರ್ಡ್ ಮಾಡುವ ಸ್ವಲ್ಪ ಮೊದಲು ಅವರ ಸಾಕು ಬೆಕ್ಕು ಸತ್ತಿತ್ತಂತೆ. ಹಾಡುವಾಗ ಅದೇ ನೆನಪಾಗುತ್ತಿತ್ತು ಅಂತ ಅವರೇ ಹೇಳಿಕೊಂಡಿದ್ದರು. ಪ್ರೇಮದ ಹಾಡಿನಲ್ಲಿ ಅಷ್ಟೊಂದು ವಿಷಾದ ಯಾಕಿದೆ ಅಂತ ಕೇಳುವವರಿಗೆ ನಾನು ಇದನ್ನು ಹೇಳುತ್ತೇನೆ. ಪ್ರೊಡ್ಯೂಸರ್ ಜೋಯಲ್ ಡಾರ್ನ್‌ಗೆ ಹಾಡು ತೀರಾ ನಿಧಾನ ಅನ್ನಿಸಿತು. ಹೀಗಾದರೆ ಇದು ಹಿಟ್ ಆಗುವುದಿಲ್ಲ ಅನ್ನುವುದು ಅವರ ಚಿಂತೆ. ಫ್ಲ್ಯಾಕ್ ಒಪ್ಪಲಿಲ್ಲ. ಹಿಟ್ ಆಗದಿದ್ದರೂ ಪರವಾಗಿಲ್ಲ ಅಂದರು. ಸುಮಾರು ಮೂರು ವರ್ಷ ಡಾರ್ನ್ ಮಾತೇ ನಿಜವಾಯಿತು. ಹಾಡು ಆಲ್ಬಂ ಒಳಗೆ ಸುಮ್ನೆ ಮಲಗಿತ್ತು.

ಎಬ್ಬಿಸಿದವರು ನಟ ಕ್ಲಿಂಟ್ ಈಸ್ಟ್‌ವುಡ್. ಕಾರಿನ ರೇಡಿಯೋದಲ್ಲಿ ಹಾಡು ಕೇಳಿ, ಫ್ಲ್ಯಾಕ್ ಮನೆಗೇ ಫೋನ್ ಮಾಡಿದರು. ತಾನು ನಿರ್ದೇಶಿಸುತ್ತಿರುವ ಮೊದಲ ಚಿತ್ರ ‘ಪ್ಲೇ ಮಿಸ್ಟಿ ಫಾರ್ ಮಿ’ಗೆ ಅದು ಬೇಕು ಅಂದರು. ಕೊಟ್ಟದ್ದು 2000 ಡಾಲರ್. ಮಜಾ ನೋಡಿ, ಈ ಸಲ ‘ಇನ್ನೊಮ್ಮೆ ಸ್ವಲ್ಪ ಬೇಗದ ಲಯದಲ್ಲಿ ಹಾಡಿ ಕೊಡಲೇ?’ ಅಂತ ಕೇಳಿದ್ದು ಫ್ಲ್ಯಾಕ್. ಬೇಡ ಅಂದದ್ದು ಈಸ್ಟ್‌ವುಡ್. 1971ರಲ್ಲಿ ಚಿತ್ರ ಬಂತು. 1972ರಲ್ಲಿ ಹಾಡು ಸಿಂಗಲ್ ಆಗಿ ಬಂದು ಅಮೆರಿಕದ ಪಟ್ಟಿಯಲ್ಲಿ ಆರು ವಾರ ಒಂದನೇ ಸ್ಥಾನದಲ್ಲಿ ಕೂತಿತು. ಅದು ಇದ್ದ ‘ಫಸ್ಟ್ ಟೇಕ್’ ಆಲ್ಬಂ ಬಿಡುಗಡೆಯಾಗಿ ಮೂರು ವರ್ಷ ಆಗುತ್ತಾ ಬಂದಾಗ ಅದೂ ಒಂದನೇ ಸ್ಥಾನಕ್ಕೆ ಹೋಯಿತು.

ಇಷ್ಟು ಹಟ, ಇಷ್ಟು ತಾಳ್ಮೆ ಎಲ್ಲಿಂದ ಬಂತು ಅನ್ನುವುದು ಅವರ ಬಾಳು ನೋಡಿದರೆ ತಿಳಿಯುತ್ತದೆ. ಹುಟ್ಟಿದ್ದು 1937ರ ಫೆಬ್ರವರಿ 10ರಂದು, ನಾರ್ತ್ ಕೆರೊಲಿನಾದಲ್ಲಿ. ಬೆಳೆದದ್ದು ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್‌ನಲ್ಲಿ. ತಾಯಿ ಚರ್ಚ್‌ನಲ್ಲಿ ಆರ್ಗನ್ ನುಡಿಸುತ್ತಿದ್ದರು. ಅಪ್ಪ ಗುಜರಿಯಿಂದ ಒಂದು ಹಳೆಯ ಪಿಯಾನೊ ತಂದು, ರಿಪೇರಿ ಮಾಡಿ, ಹಸಿರು ಬಣ್ಣ ಬಳಿದು ಮಗಳಿಗೆ ಕೊಟ್ಟರು. ಆ ಪಿಯಾನೊದ ಬಗ್ಗೆಯೇ ಅವರು 2023ರಲ್ಲಿ ಮಕ್ಕಳಿಗಾಗಿ ಒಂದು ಪುಸ್ತಕ ತಂದರು. ತಮ್ಮ ಚರ್ಚ್‌ನಲ್ಲಿ ಶಿಸ್ತಿನ ಸ್ತೋತ್ರಗಳು. ಹತ್ತಿರದ ಬ್ಯಾಪ್ಟಿಸ್ಟ್ ಚರ್ಚ್‌ಗೆ ಹೋದರೆ ಅಲ್ಲಿ ಗಾಸ್ಪೆಲ್, ಅಂದರೆ ಕಪ್ಪು ಜನರ ಚರ್ಚ್‌ಗಳ ಆವೇಶದ ಭಕ್ತಿಗೀತೆ. ಮಹಾಲಿಯಾ ಜಾಕ್ಸನ್, ಸ್ಯಾಮ್ ಕುಕ್ ಅಂಥವರನ್ನು ಹುಡುಗಿ ಅಲ್ಲೇ ಕೇಳಿದ್ದು. ಗಾಸ್ಪೆಲ್‌ನಿಂದ ಬೆಳೆದ ‘ಸೋಲ್’ ಅನ್ನುವ ಹಾಡುಗಾರಿಕೆಯ ಬೇರು ಅಲ್ಲಿದೆ.

ಆದರೆ ಅವರ ಕನಸು ಮಾತ್ರ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ. ಆಗ ವರ್ಜೀನಿಯಾದಲ್ಲಿ ಬಿಳಿಯರಿಗೆ ಒಂದು ಶಾಲೆ, ಕಪ್ಪು ಜನರಿಗೆ ಇನ್ನೊಂದು. ಸಂಗೀತ ಸ್ಪರ್ಧೆಗಳೂ ಬೇರೆಬೇರೆ. ಹದಿಮೂರನೇ ವಯಸ್ಸಿಗೆ ಕಪ್ಪು ವಿದ್ಯಾರ್ಥಿಗಳ ರಾಜ್ಯಮಟ್ಟದ ಸ್ಪರ್ಧೆಯಲ್ಲಿ ಸ್ಕಾರ್ಲಾಟಿಯ ಸೊನಾಟಾ ನುಡಿಸಿ ಎರಡನೇ ಬಹುಮಾನ ಪಡೆದರು. ಹದಿನೈದಕ್ಕೆ ವಿದ್ಯಾರ್ಥಿವೇತನ ಸಿಕ್ಕಿ ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾಲಯ ಸೇರಿದರು. ಹತ್ತೊಂಬತ್ತಕ್ಕೆ ಡಿಗ್ರಿ ಮುಗಿಯಿತು. ಅಪ್ಪ ತೀರಿಕೊಂಡರು. ಮುಂದಿನ ಓದು ನಿಂತಿತು. ನಾರ್ತ್ ಕೆರೊಲಿನಾದ ಫಾರ್ಮ್‌ವಿಲ್ ಅನ್ನುವ ಸಣ್ಣ ಊರಿನಲ್ಲಿ ಸಂಗೀತ ಮತ್ತು ಇಂಗ್ಲಿಷ್ ಟೀಚರ್ ಆದರು.

ಆಮೇಲೆ ವಾಷಿಂಗ್ಟನ್‌ಗೆ ಬಂದು ಹಗಲು ಶಾಲೆಗಳಲ್ಲಿ ಪಾಠ, ಮನೆಯಲ್ಲಿ ಪಿಯಾನೊ ಪಾಠ, ರಾತ್ರಿ ರೆಸ್ಟೋರೆಂಟ್‌ನಲ್ಲಿ ಕೆಲಸ. ಟಿವೊಲಿ ಅನ್ನುವ ಜಾಗದಲ್ಲಿ ಒಪೆರಾ ಹಾಡುವವರಿಗೆ ಪಿಯಾನೊ ನುಡಿಸುತ್ತಿದ್ದರು. ಅವರ ಬಿಡುವಿನಲ್ಲಿ ಹಿಂದಿನ ಕೋಣೆಯ ಪಿಯಾನೊ ಮುಂದೆ ಕೂತು ತಾವೇ ಬ್ಲೂಸ್, ಜಾನಪದ, ಪಾಪ್ ಹಾಡುತ್ತಿದ್ದರು. ಅವರಿಗೆ ಗಾಯನ ಕಲಿಸುತ್ತಿದ್ದ ಗುರು ಫ್ರೆಡರಿಕ್ ವಿಲ್ಕರ್ಸನ್ ಒಂದು ದಿನ ನೇರವಾಗಿ ಹೇಳಿದರು: ನಿನ್ನ ದಾರಿ ಶಾಸ್ತ್ರೀಯದಲ್ಲಿಲ್ಲ, ಪಾಪ್ ಸಂಗೀತದಲ್ಲಿದೆ. ಇದನ್ನು ಕೇಳಿದಾಗ ಅವರಿಗೆ ಎಷ್ಟು ನೋವಾಗಿರಬೇಡ! ಕಪ್ಪು ಹೆಣ್ಣುಮಗಳಿಗೆ ಆಗಿನ ಶಾಸ್ತ್ರೀಯ ವೇದಿಕೆಗಳಲ್ಲಿ ಎಷ್ಟು ಜಾಗ ಸಿಗುತ್ತಿತ್ತು ಅನ್ನುವುದೂ ಆ ಮಾತಿನ ಹಿಂದೆ ಇದ್ದೇ ಇರುತ್ತದೆ. ಆದರೂ ಕಲಿತದ್ದು ಒಂದೂ ವ್ಯರ್ಥವಾಗಲಿಲ್ಲ. ಸ್ವರ ಎಳೆಯುವಾಗಿನ ಆ ನೇರ ಶುದ್ಧಿ, ಉಸಿರಿನ ಮೇಲಿನ ಹಿಡಿತ, ಪಿಯಾನೊದಲ್ಲಿ ಎಡಗೈಯ ಗಾಂಭೀರ್ಯ, ಎಲ್ಲ ಆ ವರ್ಷಗಳದ್ದು.

1968ರಲ್ಲಿ ಕ್ಯಾಪಿಟಲ್ ಹಿಲ್‌ನ ‘ಮಿಸ್ಟರ್ ಹೆನ್ರೀಸ್’ ಅನ್ನುವ ಪಬ್ ಅವರನ್ನು ಕಾಯಂ ಕಲಾವಿದೆಯಾಗಿ ಇಟ್ಟುಕೊಂಡಿತು. ಮಾಲೀಕ ಹೆನ್ರಿ ಯಾಫಿ ಅವರಿಗಾಗಿಯೇ ಮಹಡಿ ಮೇಲೆ ಒಂದು ಕೋಣೆ ಸಜ್ಜು ಮಾಡಿದರು. ಕೂರಲು ಚರ್ಚ್‌ನ ಹಳೆಯ ಬೆಂಚುಗಳು. ದನಿ ಚೆನ್ನಾಗಿ ಕೇಳಲು ಗೋಡೆಗೆ ಹಲಗೆಗಳು. ಅಲ್ಲಿಗೆ ಕಪ್ಪು ಜನ, ಬಿಳಿ ಜನ, ಸಲಿಂಗಿಗಳು ಎಲ್ಲರೂ ಬರುತ್ತಿದ್ದರು. ಆ ವರ್ಷ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿ ವಾಷಿಂಗ್ಟನ್ ನಗರ ಹೊತ್ತಿ ಉರಿದಿತ್ತು ಅನ್ನುವುದನ್ನು ನೆನಪಿಡಿ. ಆಗ ಒಂದು ಕೋಣೆಯಲ್ಲಿ ಎಲ್ಲರೂ ಪಿಯಾನೊ ಸುತ್ತ ಕೂತು ಸದ್ದಿಲ್ಲದೆ ಕೇಳುವುದು ಸಣ್ಣ ಮಾತಲ್ಲ.

ಈಗ ಜಾಝ್ ವಿಚಾರಕ್ಕೆ ಬರೋಣ. ಫ್ಲ್ಯಾಕ್ ಅವರನ್ನು ಅಟ್ಲಾಂಟಿಕ್ ರೆಕಾರ್ಡ್ ಕಂಪನಿಗೆ ಕರೆದುಕೊಂಡು ಹೋದವರು ಜಾಝ್ ಪಿಯಾನೊ ವಾದಕ ಲೆಸ್ ಮಕ್ಯಾನ್. ಒಂದು ಸಹಾಯಾರ್ಥ ಕಾರ್ಯಕ್ರಮದಲ್ಲಿ ಕೇಳಿ ಮರುಳಾಗಿ, ತಾವೇ ಆಡಿಷನ್‌ಗೆ ಏರ್ಪಾಡು ಮಾಡಿದರು. ಅಲ್ಲಿ ಫ್ಲ್ಯಾಕ್ ಮೂರು ಗಂಟೆಯಲ್ಲಿ 42 ಹಾಡು ಹಾಡಿದರು. ಪಬ್‌ನಲ್ಲಿ ರಾತ್ರಿ ಮೇಲೆ ರಾತ್ರಿ ಹಾಡಿದವರಿಗೆ ಮಾತ್ರ ಸಾಧ್ಯವಾಗುವ ಕೆಲಸ ಇದು. 1969ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನ ಸ್ಟುಡಿಯೋದಲ್ಲಿ ‘ಫಸ್ಟ್ ಟೇಕ್’ ಆಲ್ಬಂ ಮುಗಿಯಲು ಹಿಡಿದದ್ದು ಒಟ್ಟು ಹತ್ತು ಗಂಟೆ. ಬೇಸ್ ನುಡಿಸಿದವರು ರಾನ್ ಕಾರ್ಟರ್. ಅವರು 1963ರಿಂದ 1968ರವರೆಗೆ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಪ್ರಸಿದ್ಧ ಐವರ ತಂಡದಲ್ಲಿ ಇದ್ದವರು. ಗಿಟಾರ್‌ಗೆ ಬಕಿ ಪಿಜರೆಲ್ಲಿ, ಡ್ರಮ್ಸ್‌ಗೆ ರೇ ಲೂಕಸ್. ‘ಜಾಝ್‌ಗೂ ಅವರಿಗೂ ಏನು ಸಂಬಂಧ’ ಅನ್ನುವ ನಿಮ್ಮ ಗೆಳೆಯರಿಗೆ ಮೊದಲು ಈ ಹೆಸರುಗಳನ್ನು ಓದಿ ಹೇಳಿ.

ಹೆಸರು ಸಾಲದು ಅಂದರೆ ಆ ಆಲ್ಬಂನ ಮೊದಲ ಹಾಡು ‘ಕಂಪೇರ್ಡ್ ಟು ವಾಟ್’ ಹಾಕಿ. ಬರೆದವರು ಜೀನ್ ಮೆಕ್‌ಡ್ಯಾನಿಯಲ್ಸ್. ವಿಯೆಟ್ನಾಂ ಯುದ್ಧ, ಅಧ್ಯಕ್ಷರು, ಚರ್ಚ್, ದುಡ್ಡಿನ ಹಿಂದೆ ಓಡುವ ಸಮಾಜ, ಯಾರನ್ನೂ ಬಿಡದ ಹಾಡು. ಅದೇ ವರ್ಷ ಜೂನ್‌ನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋ ಉತ್ಸವದಲ್ಲಿ ಮಕ್ಯಾನ್ ಮತ್ತು ಸ್ಯಾಕ್ಸೊಫೋನ್ ವಾದಕ ಎಡ್ಡಿ ಹ್ಯಾರಿಸ್ ನುಡಿಸಿದ ಇದೇ ಹಾಡು ಜಗತ್ತಿಗೆಲ್ಲ ಪರಿಚಯವಾಯಿತು. ಆ ಆವೃತ್ತಿ ಕುದಿಯುತ್ತದೆ. ಫ್ಲ್ಯಾಕ್ ಆವೃತ್ತಿ ಒಳಗೊಳಗೇ ಬೇಯುತ್ತದೆ. ರಾನ್ ಕಾರ್ಟರ್ ಬೇಸ್ ಒಂದೇ ಸಮನೆ ಸುತ್ತುತ್ತದೆ. ಅದರ ಮೇಲೆ ಅವರು ದನಿ ಎತ್ತದೆಯೇ ಒಂದೊಂದು ಆರೋಪವನ್ನೂ ಮುಂದಿಡುತ್ತಾರೆ. ಕ್ಲಾಸಿನಲ್ಲಿ ಗದ್ದಲ ಮಾಡುವ ಮಕ್ಕಳ ಮುಂದೆ ದನಿ ಇನ್ನಷ್ಟು ತಗ್ಗಿಸಿ ಮಾತಾಡುವ ಟೀಚರ್ ಇರುತ್ತಾರಲ್ಲ, ಹಾಗೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿಸಿದರೆ ನಿಮ್ಮ ಸಂಜೆಯ ಅರ್ಧ ಕೆಲಸ ಆದಂತೆ.

ಅದೇ ಆಲ್ಬಂನಲ್ಲಿ ಸ್ಪ್ಯಾನಿಷ್ ಭಾಷೆಯ ‘ಆಂಖೆಲಿತೋಸ್ ನೆಗ್ರೋಸ್’ ಇದೆ. ವೆನೆಜುವೆಲಾದ ಕವಿ ಆಂದ್ರೆಸ್ ಎಲೋಯ್ ಬ್ಲಾಂಕೊ ಅವರ ಪದ್ಯ ಅದು. ಚರ್ಚ್‌ನ ಚಿತ್ರಗಳಲ್ಲಿ ಇಷ್ಟೆಲ್ಲ ದೇವದೂತರನ್ನು ಬರೆಯುತ್ತೀಯಲ್ಲ, ಒಬ್ಬ ಕಪ್ಪು ದೇವದೂತನನ್ನೂ ಯಾಕೆ ಬರೆಯಲಿಲ್ಲ ಅಂತ ಚಿತ್ರಕಾರನನ್ನು ಕೇಳುವ ಹಾಡು. 1969ರ ಅಮೆರಿಕದಲ್ಲಿ ಕಪ್ಪು ಗಾಯಕಿಯೊಬ್ಬರು ತಮ್ಮ ಮೊಟ್ಟಮೊದಲ ಆಲ್ಬಂನಲ್ಲಿ ಇದನ್ನು ಆರಿಸಿದರು. ಬರೆಯುವುದಷ್ಟೇ ಕೊಡುಗೆ ಅನ್ನುವವರು ಈ ಆಯ್ಕೆಯನ್ನು ಒಮ್ಮೆ ನೋಡಬೇಕು. ಎಂಟು ಹಾಡುಗಳ ಒಂದು ಆಲ್ಬಂನಲ್ಲಿ ಯುದ್ಧವಿರೋಧಿ ಹಾಡು, ಸ್ಪ್ಯಾನಿಷ್ ಪದ್ಯ, ಚರ್ಚ್‌ನ ಹಾಡು, ಕೆನಡಾದ ಲೆನರ್ಡ್ ಕೋಹನ್ ಗೀತೆ, ಬ್ರಿಟಿಷ್ ಜಾನಪದದವರ ಗೀತೆ. ಇವೆಲ್ಲ ಒಬ್ಬರೇ ಬರೆದಂತೆ ಕೇಳುತ್ತವೆ! ಅವುಗಳನ್ನು ಹೊಲಿದ ದಾರ ಫ್ಲ್ಯಾಕ್ ದನಿ ಮತ್ತು ಪಿಯಾನೊ.

‘ಐ ಟೋಲ್ಡ್ ಜೀಸಸ್’ ಅನ್ನುವ ಹಾಡೂ ಅದರಲ್ಲೇ ಇದೆ. ಬೇಸ್‌ಬಾಲ್‌ನಲ್ಲಿ ವರ್ಣಭೇದದ ಗೋಡೆ ಒಡೆದ ಜಾಕಿ ರಾಬಿನ್ಸನ್ 1972ರಲ್ಲಿ ತೀರಿಕೊಂಡಾಗ ಅವರ ಅಂತ್ಯಸಂಸ್ಕಾರದಲ್ಲಿ ಫ್ಲ್ಯಾಕ್ ಇದನ್ನು ಹಾಡಿದರು. ಕಪ್ಪು ಜನರ ಹಕ್ಕುಗಳ ಚಳವಳಿಯ ಜನ ಅವರನ್ನು ತಮ್ಮವರು ಅಂದುಕೊಂಡಿದ್ದರು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇನ್ನು ಎಲ್ಲರಿಗೂ ಗೊತ್ತಿರುವ ಆ ಹಾಡು, ‘ಕಿಲ್ಲಿಂಗ್ ಮಿ ಸಾಫ್ಟ್‌ಲಿ ವಿತ್ ಹಿಸ್ ಸಾಂಗ್’. ನಿಮ್ಮ ಸಂಜೆಯಲ್ಲಿ ಇದನ್ನು ಹೇಗೂ ಹಾಕುತ್ತೀರಿ. ಹಾಕುವ ಮುಂಚೆ ಲೋರಿ ಲೀಬರ್‌ಮನ್ ಅನ್ನುವ ಹೆಸರನ್ನು ದಯವಿಟ್ಟು ಹೇಳಿ. 1972ರಲ್ಲಿ ಇದನ್ನು ಮೊದಲು ಹಾಡಿದ್ದು ಅವರು. ಹಾಡು ಬರೆದವರು ಅಂತ ಹೆಸರಿರುವುದು ಚಾರ್ಲ್ಸ್ ಫಾಕ್ಸ್ ಮತ್ತು ನಾರ್ಮನ್ ಗಿಂಬಲ್ ಅವರದ್ದು. ಲಾಸ್ ಏಂಜಲೀಸ್‌ನಲ್ಲಿ ಗಾಯಕ ಡಾನ್ ಮಕ್ಲೀನ್ ಹಾಡುವುದನ್ನು ಕೇಳಿ ತಾನು ಗೀಚಿಕೊಂಡ ಸಾಲುಗಳಿಂದ ಈ ಹಾಡು ಹುಟ್ಟಿತು ಅಂತ ಲೀಬರ್‌ಮನ್ ಹೇಳುತ್ತಾರೆ. ಫಾಕ್ಸ್ ಮತ್ತು ಗಿಂಬಲ್ ಮುಂದೆ ಇದನ್ನು ಅಲ್ಲಗಳೆದರು. ನನ್ನ ಮಟ್ಟಿಗೆ ಲೀಬರ್‌ಮನ್ ಅವರಿಗೆ ಸಿಗಬೇಕಾದ ಮನ್ನಣೆ ಸಿಗಲಿಲ್ಲ. ಫ್ಲ್ಯಾಕ್ ಅವರನ್ನು ಗೌರವಿಸುವ ಸಂಜೆಯಲ್ಲಿ ಇನ್ನೊಬ್ಬ ಗಾಯಕಿಯನ್ನು ಮರೆಯುವುದು ಬೇಡ.

ಫ್ಲ್ಯಾಕ್ ಅದನ್ನು ಕೇಳಿದ್ದು ವಿಮಾನದಲ್ಲಿ, ಸೀಟಿನ ಹೆಡ್‌ಫೋನ್‌ನಲ್ಲಿ. ಕೇಳಿದ ಕೂಡಲೇ ಹಾಳೆ ತೆಗೆದು ಸ್ವರ ಗುರುತು ಹಾಕಿಕೊಳ್ಳುತ್ತಾ ಮತ್ತೆ ಮತ್ತೆ ಕೇಳಿದರು. 1972ರಲ್ಲಿ ಲಾಸ್ ಏಂಜಲೀಸ್‌ನ ಗ್ರೀಕ್ ಥಿಯೇಟರ್‌ನಲ್ಲಿ ಒಂದು ರಾತ್ರಿ ಇದನ್ನು ಹಾಡಿದಾಗ ಜನ ಹುಚ್ಚೆದ್ದರು. ಅಲ್ಲೇ ಇದ್ದ ಹೆಸರಾಂತ ಪ್ರೊಡ್ಯೂಸರ್ ಕ್ವಿನ್ಸಿ ಜೋನ್ಸ್ ‘ರೆಕಾರ್ಡ್ ಮಾಡುವವರೆಗೆ ಇನ್ನೊಂದು ಸಲ ಇದನ್ನು ಎಲ್ಲೂ ಹಾಡಬೇಡ’ ಅಂತ ಎಚ್ಚರಿಸಿದರಂತೆ. ಎಂಥ ಅನುಭವಿಯ ಮಾತು!

ಲೀಬರ್‌ಮನ್ ಹಾಡು ಚರಣದಿಂದ ಶುರುವಾಗುತ್ತದೆ, ಗಿಟಾರ್ ಹಿಡಿದು ಕಥೆ ಹೇಳಿದ ಹಾಗೆ. ಫ್ಲ್ಯಾಕ್ ಪಲ್ಲವಿಯನ್ನೇ ಮುಂದೆ ತಂದರು. ಮೊದಲ ಕ್ಷಣದಲ್ಲೇ ನಾವು ಆ ನೋವಿನ ಒಳಗಿರುತ್ತೇವೆ. ತಮ್ಮದೇ ದನಿಯನ್ನು ಮೇಲಿಂದ ಮೇಲೆ ರೆಕಾರ್ಡ್ ಮಾಡಿ ಪದರ ಕಟ್ಟಿದರು. ನಡುವೆ ಪದಗಳೇ ಇಲ್ಲದ ಒಂದು ಆಲಾಪ ಸೇರಿಸಿದರು, ಅದು ಮೂಲದಲ್ಲಿ ಇಲ್ಲ. ಕೊನೆಯಲ್ಲಿ ಇನ್ನೂ ಒಂದು ಸೂಕ್ಷ್ಮ ಕೆಲಸ ಇದೆ. ಹಾಡು ಮೈನರ್‌ನಲ್ಲಿ (ವಿಷಾದದ ಛಾಯೆಯ ಸ್ವರಗಳಲ್ಲಿ) ಸಾಗಿ ಬಂದರೂ ಮುಗಿಯುವ ಕಾರ್ಡ್ ಬೆಳಕಿನ ಛಾಯೆಯ ಮೇಜರ್. ಬಾಖ್ ಕಾಲದ ಸಂಗೀತಗಾರರು ಹೀಗೆ ಮುಗಿಸುತ್ತಿದ್ದರು. ಹೊವಾರ್ಡ್‌ನಲ್ಲಿ ಕಲಿತ ವಿದ್ಯಾರ್ಥಿನಿಗೆ ಅದು ಕೈಗೆ ಸುಲಭವಾಗಿ ಬಂತು. ಕೊನೆಯ ಹತ್ತು ಸೆಕೆಂಡ್‌ನಲ್ಲಿ ಎಲ್ಲರೂ ಮಾತು ನಿಲ್ಲಿಸಿ ಕೇಳಿ. ಮೋಡ ಸರಿದ ಹಾಗೆ ಆಗುತ್ತದೆ. ಇಲ್ಲೂ ಬೇಸ್ ರಾನ್ ಕಾರ್ಟರ್ ಅವರದ್ದೇ, ಡ್ರಮ್ಸ್ ಮತ್ತೊಬ್ಬ ಜಾಝ್ ದಿಗ್ಗಜ ಗ್ರೇಡಿ ಟೇಟ್.

1974ರ ಗ್ರ್ಯಾಮಿಯಲ್ಲಿ ಮತ್ತೆ ಅದೇ ಕಥೆ. ಸಾಂಗ್ ಆಫ್ ದಿ ಇಯರ್ ಬರೆದವರಿಗೆ, ರೆಕಾರ್ಡ್ ಆಫ್ ದಿ ಇಯರ್ ಫ್ಲ್ಯಾಕ್ ಅವರಿಗೆ. ಎರಡು ವರ್ಷ ಒಂದರ ಹಿಂದೆ ಒಂದು ಆ ಪ್ರಶಸ್ತಿ ಗೆದ್ದವರಲ್ಲಿ ಅವರೇ ಮೊದಲಿಗರು. 1996ರಲ್ಲಿ ಫ್ಯೂಜೀಸ್ ತಂಡ ಇದನ್ನು ಹಿಪ್‌ಹಾಪ್ ಆಗಿ ತಂದಾಗ ಅವರು ಹಿಡಿದದ್ದೂ ಫ್ಲ್ಯಾಕ್ ಹಾಕಿಕೊಟ್ಟ ಜಾಡನ್ನೇ.

ಡಾನಿ ಹ್ಯಾಥವೇ ಬಗ್ಗೆ ಹೇಳದೆ ಈ ಉತ್ತರ ಪೂರ್ತಿಯಾಗುವುದಿಲ್ಲ. ಅವರೂ ಹೊವಾರ್ಡ್‌ನವರು, ಫ್ಲ್ಯಾಕ್‌ಗಿಂತ ಎಂಟು ವರ್ಷ ಚಿಕ್ಕವರು. ಪಿಯಾನೊ, ಹಾಡು, ಅರೇಂಜ್‌ಮೆಂಟ್ ಎಲ್ಲದರಲ್ಲೂ ಅಪಾರ ಪ್ರತಿಭೆ. 1972ರಲ್ಲಿ ಇಬ್ಬರೂ ಸೇರಿ ಒಂದು ಆಲ್ಬಂ ಮಾಡಿದರು. ಅದರ ‘ವೇರ್ ಈಸ್ ದಿ ಲವ್’ ಗ್ರ್ಯಾಮಿ ಗೆದ್ದಿತು. ಯುಗಳಗೀತೆಯಲ್ಲಿ ಇಬ್ಬರು ಗಾಯಕರು ಪೈಪೋಟಿಗೆ ಬೀಳುವುದು ಸಾಮಾನ್ಯ. ಇವರಿಬ್ಬರೂ ಒಬ್ಬರಿಗೊಬ್ಬರು ದಾರಿ ಬಿಡುತ್ತಾರೆ. ಒಬ್ಬರು ಸಾಲಿನ ಕೊನೆಯಲ್ಲಿ ದನಿ ಇಳಿಸುವ ಹೊತ್ತಿಗೆ ಇನ್ನೊಬ್ಬರು ಅದೇ ಎತ್ತರದಲ್ಲಿ ಒಳಗೆ ಬರುತ್ತಾರೆ, ಬೆಸುಗೆ ಎಲ್ಲಿ ಅಂತ ಗೊತ್ತಾಗುವುದಿಲ್ಲ. ಹ್ಯಾಥವೇ ಗಂಭೀರ ಮಾನಸಿಕ ಕಾಯಿಲೆಯಿಂದ ನರಳುತ್ತಿದ್ದರು. ನಡುವೆ ಇಬ್ಬರೂ ದೂರವಾದರು, 1978ರಲ್ಲಿ ‘ದಿ ಕ್ಲೋಸರ್ ಐ ಗೆಟ್ ಟು ಯು’ ಹಾಡಿನಲ್ಲಿ ಮತ್ತೆ ಒಂದಾದರು. ಇನ್ನೊಂದು ಆಲ್ಬಂ ಶುರುವಾಗಿತ್ತು. 1979ರ ಜನವರಿ 13ರಂದು ಹ್ಯಾಥವೇ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು, ವಯಸ್ಸು 33. ಮುಗಿಯದೆ ಉಳಿದದ್ದನ್ನು ಫ್ಲ್ಯಾಕ್ ಪೂರ್ತಿ ಮಾಡಿ 1980ರಲ್ಲಿ ಹೊರತಂದರು. ಆಲ್ಬಂ ಹೆಸರಿನಲ್ಲೇ ಹ್ಯಾಥವೇ ಅವರನ್ನು ಉಳಿಸಿಕೊಂಡರು.

‘ದಿ ಕ್ಲೋಸರ್ ಐ ಗೆಟ್ ಟು ಯು’ ಬರೆದವರು ಜೇಮ್ಸ್ ಎಂಟುಮೆ ಮತ್ತು ರೆಜಿ ಲೂಕಸ್. ಇಬ್ಬರೂ ಮೈಲ್ಸ್ ಡೇವಿಸ್ ತಂಡದಲ್ಲಿ ಇದ್ದು ಬಂದವರು, ಆಗ ಫ್ಲ್ಯಾಕ್ ತಂಡದಲ್ಲಿದ್ದರು. ಅದೇ ತಂಡದಲ್ಲಿ ಮುಂದೆ ಮಾರ್ಕಸ್ ಮಿಲ್ಲರ್ ಬೇಸ್ ನುಡಿಸಿದರು, ಲೂಥರ್ ವ್ಯಾಂಡ್ರೋಸ್ ಹಿನ್ನೆಲೆಯಲ್ಲಿ ಹಾಡಿದರು. ‘ಇಲ್ಲೇ ಆರಾಮಾಗಿ ಕೂತಿರಬೇಡ, ನಿನ್ನದೇ ಹಾಡು ಹಾಡು’ ಅಂತ ವ್ಯಾಂಡ್ರೋಸ್ ಅವರನ್ನು ಹೊರಗೆ ದಬ್ಬಿದ್ದೇ ಫ್ಲ್ಯಾಕ್. 1981ರಲ್ಲಿ ಬಂದ ಅವರ ಮೊದಲ ಸೋಲೋ ಆಲ್ಬಂನಿಂದಲೇ ಅವರು ತಾರೆಯಾದರು. ಶಾಲೆ ಬಿಟ್ಟರೂ ಫ್ಲ್ಯಾಕ್ ಟೀಚರ್ ಆಗಿಯೇ ಉಳಿದಿದ್ದರು. ಆಮೇಲೆ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಬಡ ಮಕ್ಕಳಿಗೆ ಉಚಿತವಾಗಿ ಸಂಗೀತ ಕಲಿಸುವ ಶಾಲೆಯೂ ಅವರ ಹೆಸರಿನಲ್ಲಿ ಶುರುವಾಯಿತು.

1974ರ ‘ಫೀಲ್ ಲೈಕ್ ಮೇಕಿಂಗ್ ಲವ್’ ಹಾಡೂ ಒಂದನೇ ಸ್ಥಾನಕ್ಕೆ ಹೋಯಿತು, ಸತತ ಮೂರನೇ ವರ್ಷ. ಆ ಹೊತ್ತಿಗೆ ಡಾರ್ನ್ ಜೊತೆಗಿನ ಕೆಲಸ ಮುಗಿದಿತ್ತು. ಪ್ರೊಡ್ಯೂಸರ್ ಸ್ಥಾನದಲ್ಲಿ ‘ರೂಬೀನಾ ಫ್ಲೇಕ್’ ಅನ್ನುವ ಹೆಸರು ಕಾಣುತ್ತದೆ. ಅದು ಫ್ಲ್ಯಾಕ್ ಅವರೇ ಇಟ್ಟುಕೊಂಡ ಇನ್ನೊಂದು ಹೆಸರು. ಸ್ಟುಡಿಯೋದ ಗಾಜಿನ ಆ ಕಡೆ ಹೆಂಗಸರು ಕೂರುವುದೇ ಅಪರೂಪವಾಗಿದ್ದ ಕಾಲ ಅದು.

ಅವರ ಬಗ್ಗೆ ಒಂದು ಹಳೆಯ ದೂರು ಇದೆ, ನಿಮ್ಮ ಸಂಜೆಯಲ್ಲೂ ಯಾರಾದರೂ ಎತ್ತಬಹುದು. ಅವರದ್ದು ತೀರಾ ನಯ, ತೀರಾ ಹದ, ಸೋಲ್ ಅಂದರೆ ಅರೀಥಾ ಫ್ರ್ಯಾಂಕ್ಲಿನ್ ಹಾಗೆ ಎದೆ ಬಿರಿಯುವಂತೆ ಹಾಡಬೇಕು ಅನ್ನುವ ದೂರು. 1970ರ ದಶಕದ ಕೆಲವು ವಿಮರ್ಶಕರು ಹೀಗೇ ಬರೆದರು. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಕಪ್ಪು ಗಾಯಕಿ ಅಂದ ಮೇಲೆ ಕೂಗಿಯೇ ಹಾಡಬೇಕು ಅನ್ನುವ ನಿಯಮ ಯಾರು ಮಾಡಿದ್ದು? ತಡೆದು ಹಾಡುವುದಕ್ಕೂ ಅಷ್ಟೇ ಶಕ್ತಿ ಬೇಕು. 80ರ ದಶಕದ ಅವರ ಕೆಲವು ಆಲ್ಬಂಗಳಲ್ಲಿ ಸಿಂಥಸೈಸರ್ ಸದ್ದು ಜಾಸ್ತಿಯಾಯಿತು, ಅವು ನನಗೂ ಅಷ್ಟು ಹಿಡಿಸುವುದಿಲ್ಲ. ಗಾಯಕ ಪೀಬೋ ಬ್ರೈಸನ್ ಜೊತೆಗಿನ 1983ರ ಯುಗಳಗೀತೆ ಕೆಲವರಿಗೆ ಪ್ರಾಣ, ನನಗೆ ಅಲ್ಲ. ಆದರೆ 1969ರಿಂದ 1975ರವರೆಗಿನ ಆಲ್ಬಂಗಳನ್ನು ಸಾಲಾಗಿ ಕೇಳಿದವರು ಆ ದೂರನ್ನು ಮತ್ತೆ ಹೇಳಲಾರರು.

2016ರಲ್ಲಿ ಪಾರ್ಶ್ವವಾಯು ಬಡಿಯಿತು. 2020ರಲ್ಲಿ ಗ್ರ್ಯಾಮಿ ಜೀವಮಾನ ಸಾಧನೆ ಪ್ರಶಸ್ತಿ ಬಂತು. 2022ರ ನವೆಂಬರ್‌ನಲ್ಲಿ ಅವರಿಗೆ ಎಎಲ್‌ಎಸ್ ಅನ್ನುವ ನರದ ಕಾಯಿಲೆ ಇದೆ, ಇನ್ನು ಹಾಡಲು ಆಗದು ಅಂತ ಅವರ ಕಡೆಯವರು ತಿಳಿಸಿದರು. 2025ರ ಫೆಬ್ರವರಿ 24ರಂದು ತೀರಿಕೊಂಡರು. 88 ವರ್ಷ ಆಗಿತ್ತು.

ಇನ್ನು ನಿಮ್ಮ ಸಂಜೆ. ಹಿಟ್ ಹಾಡುಗಳನ್ನು ಒಂದರ ಹಿಂದೆ ಒಂದು ಹಾಕಿ, ನಡುವೆ ಹುಟ್ಟಿದ ದಿನ, ಪ್ರಶಸ್ತಿ ಓದಿ ಮುಗಿಸಬೇಡಿ. ನಾನಾದರೆ ಹೀಗೆ ಮಾಡುತ್ತಿದ್ದೆ. ಮೊದಲು ‘ದಿ ಫಸ್ಟ್ ಟೈಮ್’ ಹಾಡನ್ನು ಪೆಗಿ ಸೀಗರ್ ದನಿಯಲ್ಲಿ ಕೇಳಿಸಿ, ಕೂಡಲೇ ಫ್ಲ್ಯಾಕ್ ದನಿಯಲ್ಲಿ. ನಡುವೆ ಏನೂ ಮಾತು ಬೇಡ. ಸಿಂಗಲ್‌ಗಾಗಿ ಕತ್ತರಿಸಿದ ಚಿಕ್ಕ ಆವೃತ್ತಿಯೂ ಇದೆ, ಅದನ್ನು ಹಾಕಬೇಡಿ, ಪೂರ್ತಿ 5 ನಿಮಿಷ 22 ಸೆಕೆಂಡ್‌ನದ್ದೇ ಇರಲಿ. ಆಮೇಲೆ ಮಕ್ಯಾನ್-ಹ್ಯಾರಿಸ್ ಮತ್ತು ಫ್ಲ್ಯಾಕ್ ಅವರ ‘ಕಂಪೇರ್ಡ್ ಟು ವಾಟ್’. ಆಮೇಲೆ ಲೀಬರ್‌ಮನ್ ಮತ್ತು ಫ್ಲ್ಯಾಕ್ ಅವರ ‘ಕಿಲ್ಲಿಂಗ್ ಮಿ ಸಾಫ್ಟ್‌ಲಿ’. ಈ ಮೂರು ಜೋಡಿ ಆದ ಮೇಲೆ ಕೊಡುಗೆ ಏನು ಅಂತ ಕೇಳಿದ ಗೆಳೆಯರೇ ಮಾತಾಡಲಿ, ನೀವು ಸುಮ್ಮನಿರಿ. ಹ್ಯಾಥವೇ ಜೊತೆಗಿನ ಎರಡು ಹಾಡುಗಳನ್ನು ಊಟಕ್ಕೆ ಮೊದಲು ಇಟ್ಟುಕೊಳ್ಳಿ.

ಮೊಬೈಲ್ ಸ್ಪೀಕರ್‌ನಲ್ಲಿ ಮಾತ್ರ ಬೇಡ. ರಾನ್ ಕಾರ್ಟರ್ ಬೇಸ್ ಅದರಲ್ಲಿ ಕೇಳುವುದೇ ಇಲ್ಲ, ಬೇಸ್ ಇಲ್ಲದೆ ಈ ಹಾಡುಗಳು ಅರ್ಧ. ಯಾರದ್ದಾದರೂ ಮನೆಯಲ್ಲಿ ಒಂದು ಜೊತೆ ಒಳ್ಳೆ ಸ್ಪೀಕರ್ ಇದ್ದರೆ ಅಲ್ಲೇ ಸೇರಿ. ಹೊತ್ತು ಉಳಿದರೆ ‘ಫಸ್ಟ್ ಟೇಕ್’ ಆಲ್ಬಂನ ಐವತ್ತನೇ ವರ್ಷದ ಆವೃತ್ತಿ ಹುಡುಕಿ, 2020ರಲ್ಲಿ ಬಂದದ್ದು. 1968ರ ನವೆಂಬರ್‌ನಲ್ಲಿ ಅಟ್ಲಾಂಟಿಕ್‌ಗೆ ಮಾಡಿಕೊಟ್ಟ ಡೆಮೊಗಳಲ್ಲಿ (ಪ್ರಾಯೋಗಿಕ ರೆಕಾರ್ಡಿಂಗ್‌ಗಳಲ್ಲಿ) ಕೆಲವು ಅದರಲ್ಲಿವೆ. ಆ ಡೆಮೊಗಳನ್ನು ಹಾಡುವಾಗ ಅವರಿನ್ನೂ ವಾರಕ್ಕೆ ಹಲವು ರಾತ್ರಿ ಮಿಸ್ಟರ್ ಹೆನ್ರೀಸ್ ಮಹಡಿಯಲ್ಲಿ ಹಾಡುತ್ತಿದ್ದ ಮಾಜಿ ಟೀಚರ್. ಹೆಸರಾಗುವ ಮೊದಲೂ ಅವರ ಲಯ ಅಷ್ಟೇ ನಿಧಾನ ಇತ್ತು, ಅಷ್ಟೇ ಗಟ್ಟಿಯಾಗಿ ಇತ್ತು.